ಓದುಗರ ಪ್ರಶ್ನೆ: ಇನ್ನೋವಾ ಬಾಳಿಕೆ ಬರೋದು ಜಪಾನ್ ಕಬ್ಬಿಣದಿಂದಲಾ?

ಟೊಯೋಟಾ ಬಗ್ಗೆ ಬರುವ ಪ್ರಶ್ನೆಗಳನ್ನು ಎರಡು ತಿಂಗಳಿಂದ ಕೂಡಿಡುತ್ತಿದ್ದೆ. ಕಳಿಸುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅವೇ ಆರೇಳು. ಹೇಳಿದ್ದನ್ನೇ ಹೇಳಿ ನನಗೂ ಸಾಕಾಗಿದೆ. ಇವತ್ತು ಒಂದೇ ಸಲ ಮುಗಿಸಿಬಿಡುತ್ತೇನೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿ, ಟೈರಿನ ಗಾಳಿ ನೋಡಿ ಅಂತೆಲ್ಲ ಬರೆಯುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ಕಾರು ಇಟ್ಟುಕೊಂಡಿದ್ದಾರೆ ಅಂತ ನಂಬಲು ನನಗೆ ಇಷ್ಟವಿಲ್ಲ.

ಪ್ರಶ್ನೆ: ನಮ್ಮ ಮಾವನವರ 2011ರ ಇನ್ನೋವಾ 4 ಲಕ್ಷ ಕಿಲೋಮೀಟರ್ ದಾಟಿದೆ. ಎಂಜಿನ್ ಇನ್ನೂ ಬಿಚ್ಚಿಲ್ಲ. ಜಪಾನ್ ಕಬ್ಬಿಣವೇ ಬೇರೆ, ಅದಕ್ಕೇ ಇಷ್ಟು ಬಾಳಿಕೆ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ? ನಾನೂ ಒಂದು ಹಳೆಯ ಇನ್ನೋವಾ ತೆಗೆದುಕೊಂಡರೆ ಅಷ್ಟೇ ಓಡುತ್ತದೆಯೇ? (ಹಾಸನದ ಓದುಗರು)

ಮಾವನವರ ಇನ್ನೋವಾ ತಯಾರಾದದ್ದು ಬಿಡದಿಯಲ್ಲಿ. ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿಗೆ ಗಾಡಿ ನಿಲ್ಲಿಸುತ್ತೀರಲ್ಲ, ಅದೇ ಬಿಡದಿ. ಇನ್ನೋವಾಗಿಂತ ಮುಂಚೆ, 2000ದ ಜನವರಿಯಲ್ಲಿ ಬಂದ ಟೊಯೋಟಾ ಕ್ವಾಲಿಸ್ ಕೂಡ ಅಲ್ಲಿಯದೇ. ಆದರೂ 'ಜಪಾನ್ ಕಬ್ಬಿಣ' ಅನ್ನುವ ಕಥೆ ಇಪ್ಪತ್ತೈದು ವರ್ಷದಿಂದ ಓಡುತ್ತಲೇ ಇದೆ. ಇನ್ನೋವಾಗಿಂತ ಅದರ ಬಾಳಿಕೆಯೇ ಜಾಸ್ತಿ.

ಗುಟ್ಟು ಕಬ್ಬಿಣದಲ್ಲಿಲ್ಲ, ಮಗ್ಗದಲ್ಲಿದೆ.

ನಾನು ಬೆಳೆದದ್ದು ದೊಡ್ಡಬಳ್ಳಾಪುರದಲ್ಲಿ, ಪವರ್‌ಲೂಮ್‌ಗಳ ಬೀದಿಯಲ್ಲಿ. ನಮ್ಮ ಬೀದಿಯ ಹಳೇ ಮಗ್ಗಗಳಿಗೆ ಕಣ್ಣಿರಲಿಲ್ಲ. ಹಾಸಿನ ಒಂದು ಎಳೆ ಕಡಿದರೂ ಅವು ತಮ್ಮ ಪಾಡಿಗೆ ಟಕಟಕ ಅಂತ ನೇಯುತ್ತಲೇ ಇರುತ್ತಿದ್ದವು. ಯಾರಾದರೂ ಗಮನಿಸುವಷ್ಟರಲ್ಲಿ ಗೇಣುದ್ದ ಸೀರೆ ಕೆಟ್ಟಿರುತ್ತಿತ್ತು. ಹಾಗಾಗಿ ಮಗ್ಗಗಳ ನಡುವೆ ಯಾರಾದರೂ ಬಟ್ಟೆಯ ಮೇಲೆ ಕಣ್ಣು ನೆಟ್ಟು ಓಡಾಡುತ್ತಲೇ ಇರಬೇಕಿತ್ತು.

ಇದೇ ತಲೆನೋವು ಜಪಾನ್‌ನಲ್ಲಿ ಒಬ್ಬ ಬಡಗಿಯ ಮಗನನ್ನೂ ಕಾಡಿತ್ತು. ಹೆಸರು ಸಕಿಚಿ ಟೊಯೋಡಾ. ಹುಟ್ಟಿದ್ದು 1867ರಲ್ಲಿ, ಶಿಜುವೊಕಾ ಪ್ರಾಂತ್ಯದಲ್ಲಿ. 1891ರಲ್ಲಿ ಕೈಮಗ್ಗಕ್ಕೆ ಮೊದಲ ಪೇಟೆಂಟ್ ಪಡೆದ. ಆಮೇಲೆ ಜೀವನವಿಡೀ ಅದೇ ಕೆಲಸ. 1924ರಲ್ಲಿ ಬಂದ ಅವನ 'ಜಿ' ಮಾದರಿ ಮಗ್ಗದಲ್ಲಿ ಓಟ ನಿಲ್ಲಿಸದೆಯೇ ಲಾಳಿ ತಾನಾಗಿ ಬದಲಾಗುತ್ತಿತ್ತು. ಎಳೆ ಕಡಿದರೆ ಮಾತ್ರ ಮಗ್ಗ ತಾನೇ ನಿಲ್ಲುತ್ತಿತ್ತು. ಇಂಥ ಮಗ್ಗಗಳಲ್ಲಿ ಹಾಸಿನ ಪ್ರತಿ ಎಳೆಗೂ ತೆಳುವಾದ ಲೋಹದ ಪಟ್ಟಿಯೊಂದು ಜೋತುಬಿದ್ದಿರುತ್ತದೆ. ಎಳೆ ಕಡಿದರೆ ಪಟ್ಟಿ ಕೆಳಗೆ ಬೀಳುತ್ತದೆ, ಮಗ್ಗಕ್ಕೆ ತಡೆ ಬೀಳುತ್ತದೆ. ಅಷ್ಟೇ. ಒಬ್ಬ ಕೆಲಸಗಾರ ಹತ್ತಾರು ಮಗ್ಗ ನೋಡಿಕೊಳ್ಳಬಹುದು, ಕೆಟ್ಟ ಬಟ್ಟೆ ಮುಂದಕ್ಕೆ ಹೋಗುವುದಿಲ್ಲ. ಜಗತ್ತಿಗೇ ಮಗ್ಗ ಮಾರುತ್ತಿದ್ದ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ 1929ರಲ್ಲಿ 1 ಲಕ್ಷ ಪೌಂಡ್‌ಗೆ ಇದರ ಹಕ್ಕಿನ ಒಪ್ಪಂದ ಮಾಡಿಕೊಂಡಿತು. (ನಮ್ಮ ರಾಜ್ಯಕ್ಕೂ ಟೊಯೋಡಾ ಹೆಸರು ಮೊದಲು ಬಂದದ್ದು ಕಾರಿನ ಜೊತೆ ಅಲ್ಲ. ಬಿಡದಿಗಿಂತ ಮುಂಚೆಯೇ ಜಿಗಣಿಯಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಜವಳಿ ಯಂತ್ರದ ಕಂಪನಿ ಶುರು ಮಾಡಿದ್ದರು.)

ಮಗ ಕಿಚಿರೊಗೆ ಕಾರಿನ ಹುಚ್ಚು. 1933ರಲ್ಲಿ ಮಗ್ಗದ ಕಂಪನಿಯೊಳಗೇ ಕಾರಿನ ವಿಭಾಗ ತೆರೆದ. ಅಮೆರಿಕದ ಶೆವರ್ಲೆಯೊಂದನ್ನು ಬಿಚ್ಚಿ ಹರವಿಕೊಂಡು ಕಲಿತ. 1936ಕ್ಕೆ ಎಎ ಅನ್ನುವ ಕಾರು ಬಂತು, 1937ಕ್ಕೆ ಟೊಯೋಟಾ ಬೇರೆ ಕಂಪನಿಯಾಯಿತು.

ಈಗ ಕಬ್ಬಿಣದ ಭಕ್ತರು ಸ್ವಲ್ಪ ಕೇಳಬೇಕು. ಆ ಕಾಲದ ಟೊಯೋಟಾ ಟ್ರಕ್‌ಗಳು ದಾರಿಯಲ್ಲಿ ಕೆಟ್ಟು ನಿಲ್ಲುವುದಕ್ಕೇ ಹೆಸರಾಗಿದ್ದವು. 1957ರಲ್ಲಿ ಕ್ರೌನ್ ಕಾರನ್ನು ಅಮೆರಿಕಕ್ಕೆ ಕಳಿಸಿದರು. ಅಲ್ಲಿನ ಹೆದ್ದಾರಿಯ ವೇಗಕ್ಕೆ ಅದು ಏದುಸಿರು ಬಿಟ್ಟಿತು, ಬಿಸಿಯಾಯಿತು, ನಡುಗಿತು. ಮೂರ್ನಾಲ್ಕು ವರ್ಷದೊಳಗೆ ಅದನ್ನು ಕಳಿಸುವುದನ್ನೇ ನಿಲ್ಲಿಸಬೇಕಾಯಿತು. ಆಗಲೂ ಇದ್ದದ್ದು ಜಪಾನ್ ಕಬ್ಬಿಣವೇ ಅಲ್ವಾ?

ಬದಲಾದದ್ದು ಕೆಲಸದ ರೀತಿ. ತೈಚಿ ಓನೋ ಅಂತ ಒಬ್ಬ ಎಂಜಿನಿಯರ್. ಅವನೂ ಟೊಯೋಡಾ ಮನೆತನದ ನೂಲಿನ ಗಿರಣಿಯಿಂದ ಬಂದವನೇ. ಮಗ್ಗದ ಬುದ್ಧಿಯನ್ನು ಕಾರು ಜೋಡಿಸುವ ಸಾಲಿಗೆ ತಂದ. ಸಾಲಿನಲ್ಲಿರುವ ಯಾವ ಕೆಲಸಗಾರನಿಗೇ ಆಗಲಿ ತಪ್ಪು ಕಂಡರೆ ತಲೆಯ ಮೇಲಿರುವ ಹಗ್ಗ ಎಳೆಯಬಹುದು. ದೀಪ ಹತ್ತುತ್ತದೆ, ಮೇಲಿನವರು ಓಡಿ ಬರುತ್ತಾರೆ. ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಆಮೇಲೆ 'ಯಾಕೆ' ಅಂತ ಐದು ಸಲ ಕೇಳಬೇಕು. ಓನೋ ಕೊಡುತ್ತಿದ್ದ ಉದಾಹರಣೆ ಇದು. ಯಂತ್ರ ಯಾಕೆ ನಿಂತಿತು? ಫ್ಯೂಸ್ ಹೋಯಿತು. ಯಾಕೆ? ಬೇರಿಂಗ್‌ಗೆ ಎಣ್ಣೆ ಸಾಲದೆ ಲೋಡ್ ಜಾಸ್ತಿಯಾಯಿತು. ಯಾಕೆ? ಪಂಪ್ ಎಣ್ಣೆ ಎತ್ತುತ್ತಿಲ್ಲ. ಯಾಕೆ? ಅದರ ಶಾಫ್ಟ್ ಸವೆದಿದೆ. ಯಾಕೆ? ಜಾಲರಿ ಹಾಕಿಲ್ಲ, ಲೋಹದ ಚೂರು ಒಳಗೆ ಹೋಗಿದೆ. ಬರೀ ಫ್ಯೂಸ್ ಬದಲಿಸಿದ್ದರೆ ನಾಳೆ ಮತ್ತೆ ಅದೇ ಕಥೆ.

ನಮ್ಮ ಗ್ಯಾರೇಜುಗಳಲ್ಲಿ ಬರೀ ಫ್ಯೂಸ್ ಬದಲಿಸುತ್ತಾರೆ. ಹೋದ ವರ್ಷ ನನ್ನ ಹತ್ತಿರ ಒಂದು ಇನ್ನೋವಾ ಬಂತು, ಮೂರು ಊರಿನ ಮೂರು ಗ್ಯಾರೇಜು ಸುತ್ತಿ. ಘಾಟ್ ಹತ್ತಿದರೆ ಬಿಸಿಯಾಗುತ್ತದೆ ಅನ್ನುವುದು ದೂರು. ಮೊದಲನೆಯವರು ಎಂಜಿನ್ನಿನ ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕಿತ್ತು ಬಿಸಾಡಿದ್ದರು. ಹೌದು, ಬದಲಿಸಿದ್ದಲ್ಲ, ಕಿತ್ತೇ ಬಿಟ್ಟಿದ್ದರು. ಎರಡನೆಯವರು ರೇಡಿಯೇಟರ್ ಬದಲಿಸಿದ್ದರು. ಮೂರನೆಯವರು ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಎಂಜಿನ್ ಬಿಚ್ಚಿ, ದೊಡ್ಡ ಬಿಲ್ ಮಾಡಿದ್ದರು. ನಾನು ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಹತ್ತು ನಿಮಿಷ ಸುಮ್ನೆ ನೋಡಿದೆ. ಕೆಳಗಿನ ಹೋಸ್‌ನ ಕ್ಲಿಪ್ ಹತ್ತಿರ ಗುಲಾಬಿ ಬಣ್ಣದ ಪುಡಿ, ಒಣಗಿದ ಉಪ್ಪಿನ ಹಾಗೆ ಕಟ್ಟಿಕೊಂಡಿತ್ತು. ಕೂಲಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ, ಹನಿ ಹನಿಯಾಗಿ ಸೋರಿ ಒಣಗಿದರೆ ಉಳಿಯುವುದು ಅದೇ. ಗಾಡಿಯವರು ಕೂಲಂಟ್ ಕಡಿಮೆಯಾದಾಗೆಲ್ಲ ಬೋರ್‌ವೆಲ್ ನೀರು ಹಾಕುತ್ತಾ ಬಂದಿದ್ದರು. ಆ ಗಡಸು ನೀರು ಒಳಗೆಲ್ಲ ಸುಣ್ಣ ಕಟ್ಟಿಸಿತ್ತು, ಕುದಿಯುವ ಸ್ನಾನದ ಹಂಡೆಯೊಳಗೆ ಕಟ್ಟುತ್ತದಲ್ಲ, ಹಾಗೆ. ಕ್ಲಿಪ್‌ನ ಬೆಲೆ ಒಂದು ಮಸಾಲೆ ದೋಸೆಯಷ್ಟು.

ನಿಮ್ಮ ಮಾವನವರ ಗಾಡಿಯ ಬಾಳಿಕೆಗೆ ಇನ್ನೆರಡು ಕಾರಣ ಇವೆ, ಅವನ್ನು ಯಾರೂ ಹೇಳುವುದಿಲ್ಲ. ಒಂದು, ಎಂಜಿನ್‌ನಿಂದ ಶಕ್ತಿ ಹಿಂಡಿಲ್ಲ. ಕ್ವಾಲಿಸ್‌ನ ಡೀಸೆಲ್ ಎಂಜಿನ್ 2446 ಸಿಸಿ, ಕೊಡುತ್ತಿದ್ದದ್ದು ಬರೀ 75 ಅಶ್ವಶಕ್ತಿ. ಹಳೇ ಇನ್ನೋವಾದ 2.5 ಲೀಟರ್ ಎಂಜಿನ್ ಕೊಡುತ್ತಿದ್ದದ್ದು 102. ಇವತ್ತು 1.5 ಲೀಟರ್ ಡೀಸೆಲ್‌ನಲ್ಲೇ ಅದಕ್ಕಿಂತ ಜಾಸ್ತಿ ಹಿಂಡುತ್ತಾರೆ. ನಾಲ್ಕು ಮೂಟೆ ಹೊರುವ ಎತ್ತಿಗೆ ಎರಡೇ ಮೂಟೆ ಹೇರಿದರೆ ಅದು ಹತ್ತು ವರ್ಷ ಹೆಚ್ಚು ಬದುಕುತ್ತದೆ, ಪಿಕಪ್ ಮಾತ್ರ ಕೇಳಬೇಡಿ. ಎರಡು, ನಿಮಗೆ ಕಾಣುವುದು ಉಳಿದುಕೊಂಡ ಇನ್ನೋವಾಗಳು. ಎಂಜಿನ್ ಸೀಜ್ ಆದವು ಗುಜರಿಯಲ್ಲಿವೆ, ಅವುಗಳ ಬಗ್ಗೆ ಮದುವೆ ಮನೆಯಲ್ಲಿ ಯಾರೂ ಜಂಬ ಕೊಚ್ಚುವುದಿಲ್ಲ.

ನೀವು ಹಳೆಯದು ತೆಗೆದುಕೊಂಡರೆ ಏನು ಅಂದಿರಿ. 2005ರಿಂದ 2016ರವರೆಗಿನ ಡೀಸೆಲ್ ಇನ್ನೋವಾದಲ್ಲಿ ಟೈಮಿಂಗ್ ಬೆಲ್ಟ್ ಇರುತ್ತದೆ, ಅಂದರೆ ವಾಲ್ವ್‌ಗಳನ್ನು ಪಿಸ್ಟನ್‌ಗಳ ಲಯಕ್ಕೆ ತಕ್ಕ ಹಾಗೆ ಓಡಿಸುವ ಬೆಲ್ಟ್. ಆಮೇಲೆ ಬಂದ ಇನ್ನೋವಾ ಕ್ರಿಸ್ಟಾದಲ್ಲಿ ಚೈನ್. ಬೆಲ್ಟ್ ಬದಲಿಸುವ ಹೊತ್ತು ಬಂದಾಗ ಮೀಟರ್‌ನಲ್ಲಿ 'ಟಿ ಬೆಲ್ಟ್' ಅಂತ ದೀಪ ಹತ್ತುತ್ತದೆ. ಬೆಲ್ಟ್ ಮುಟ್ಟದೆ, ದೀಪ ಮಾತ್ರ ಆರಿಸಿ ಕಳಿಸುವ ಮಹಾನುಭಾವರು ನಮ್ಮಲ್ಲಿದ್ದಾರೆ. ಅವರನ್ನು ಮೆಕ್ಯಾನಿಕ್ ಅಂತ ಕರೆಯಬೇಡಿ. ಓಡುವಾಗ ಆ ಬೆಲ್ಟ್ ಕಡಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಹೊಡೆಯುತ್ತವೆ, ಅಲ್ಲಿಗೆ ಎಂಜಿನ್ ಕಥೆ ಮುಗಿಯಿತು. ಎಳೆ ಕಡಿದರೆ ಮಗ್ಗ ನಿಲ್ಲಲಿ ಅಂತ ಒಬ್ಬ ಮನುಷ್ಯ ಜೀವಮಾನ ಸವೆಸಿದ. ನಾವು ದೀಪ ಹತ್ತಿದರೂ ಅದರ ಮೇಲೆ ಸ್ಟಿಕ್ಕರ್ ಅಂಟಿಸಿಕೊಂಡು ಓಡಿಸುತ್ತೇವೆ. ಸ್ಟಿಕ್ಕರ್ ನಾನೇ ಕಣ್ಣಾರೆ ನೋಡಿದ್ದೇನೆ, ಅದರಲ್ಲಿ ದೇವರ ಚಿತ್ರವಿತ್ತು. ಬೆಲ್ಟ್ ಬದಲಿಸಿದ ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ತಿಳಿದು, ಕೊಂಡ ವಾರವೇ ಬದಲಿಸಿ. ಆ ವಾರ ಮೈಸೂರು, ಮಡಿಕೇರಿ ಅಂತ ಹೊರಡಬೇಡಿ.

ಕಂಪನಿಯನ್ನೂ ದೇವರ ಪಟ್ಟಕ್ಕೆ ಏರಿಸಬೇಡಿ. 2009-10ರಲ್ಲಿ ಆಕ್ಸಿಲರೇಟರ್ ಪೆಡಲ್, ಕಾಲಡಿಯ ಮ್ಯಾಟ್ ವಿಚಾರಕ್ಕೆ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ಸಕಿಚಿಯ ಮರಿಮಗ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಮುಂದೆ ಕೂತು ಕ್ಷಮೆ ಕೇಳಿದ. 2020ರ ನವೆಂಬರ್‌ನಲ್ಲಿ ಬಿಡದಿಯ ಕೆಲಸಗಾರರು ಕೆಲಸದ ಒತ್ತಡ ತಡೆಯಲಾಗುತ್ತಿಲ್ಲ ಅಂತ ಧರಣಿ ಕೂತರು, ಕಂಪನಿ ಲಾಕ್‌ಔಟ್ ಮಾಡಿತು. ಇನ್ನು 2024ರ ಜನವರಿಯದು ನನಗೆ ನಿಜಕ್ಕೂ ಬೇಜಾರು ತಂದ ಸುದ್ದಿ. ಡೀಸೆಲ್ ಎಂಜಿನ್‌ಗಳ ಶಕ್ತಿ ಪರೀಕ್ಷೆಯಲ್ಲಿ ಅಕ್ರಮ ಆಗಿದೆ ಅಂತ ಒಪ್ಪಿಕೊಂಡರು. ಕ್ರಿಸ್ಟಾ, ಫಾರ್ಚೂನರ್‌ಗಳ ರವಾನೆ ಸ್ವಲ್ಪ ದಿನ ನಿಂತೂ ಹೋಯಿತು. ಆ ಪರೀಕ್ಷೆ ಮಾಡಿದ್ದು ಟೊಯೋಟಾ ಇಂಡಸ್ಟ್ರೀಸ್, ಅಂದರೆ ಸಕಿಚಿಯ ಅದೇ ಹಳೇ ಮಗ್ಗದ ಕಂಪನಿ. ಅಲ್ಲಿ ಯಾರೂ ಹಗ್ಗ ಎಳೆದಿರಲಿಲ್ಲ.

ಪ್ರಶ್ನೆ: ನನ್ನ ಹೊಸ ಗಾಡಿಯ ನಂಬರ್ ಕೂಡಿದರೆ 8 ಬರುತ್ತದೆ. ಶನಿ ಸಂಖ್ಯೆ ಅಂತಾರೆ. ದುಡ್ಡು ಕೊಟ್ಟು ಬದಲಿಸಲೇ?

1936ರಲ್ಲಿ ಲಾಂಛನಕ್ಕಾಗಿ ಸ್ಪರ್ಧೆ ನಡೆಸಿದಾಗ ಟೊಯೋಡಾ ಅನ್ನುವುದು ಟೊಯೋಟಾ ಆಯಿತು. ಉಚ್ಚಾರಕ್ಕೆ ಚೆನ್ನಾಗಿದೆ, ಜಪಾನೀ ಲಿಪಿಯಲ್ಲಿ ಬರೆದರೆ ಸರಿಯಾಗಿ 8 ಗೆರೆ, 8 ಅಂದರೆ ಅಲ್ಲಿ ಶುಭ. ನೀವು ಅದೇ 8ಕ್ಕೆ ಹೆದರಿ ದುಡ್ಡು ಕಟ್ಟಲು ಹೊರಟಿದ್ದೀರಿ. ಆ ದುಡ್ಡಿಗೆ ನಾಲ್ಕು ಒಳ್ಳೆಯ ಟೈರ್ ಬರುತ್ತವೆ.

ಪ್ರಶ್ನೆ: ಟೊಯೋಟಾದ ಗ್ಲಾನ್ಜಾ, ಮಾರುತಿ ಸುಜುಕಿಯ ಬಲೆನೋ ಎರಡೂ ಒಂದೇನಾ?

ಒಂದೇ. ಎಂಜಿನ್ ಸುಜುಕಿಯದು. ಹಾಗೆಯೇ ಸುಜುಕಿಯ ಗ್ರ್ಯಾಂಡ್ ವಿಟಾರಾ ತಯಾರಾಗುವುದು ಬಿಡದಿಯಲ್ಲಿ. ಸುಜುಕಿಯೂ 1909ರಲ್ಲಿ ಅದೇ ಶಿಜುವೊಕಾದಲ್ಲಿ ಮಗ್ಗದ ಕಂಪನಿಯಾಗಿಯೇ ಹುಟ್ಟಿದ್ದು. ಯಾವ ಷೋರೂಂ ನಿಮ್ಮ ಮನೆಗೆ ಹತ್ತಿರವೋ ಅಲ್ಲಿ ಕೊಳ್ಳಿ.

ಪ್ರಶ್ನೆ: ಹೈಬ್ರಿಡ್ ಬ್ಯಾಟರಿ ಎರಡು ವರ್ಷಕ್ಕೆ ಹೋಗುತ್ತದಂತೆ, ನಿಜವೇ?

ಯಾರು ಹೇಳಿದ್ದು? ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್ ಮೊದಲು ಬಂದದ್ದು 1997ರ ಡಿಸೆಂಬರ್‌ನಲ್ಲಿ. ಇಲ್ಲಿ ಹೈಬ್ರಿಡ್ ಬ್ಯಾಟರಿಗೆ ಕಂಪನಿಯೇ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತದೆ. ಬ್ಯಾಟರಿಗೆ ಗಾಳಿ ಹೋಗುವ ಜಾಲರಿಗೆ ಚೀಲ, ಟವೆಲ್ ಅಡ್ಡ ಹಾಕಬೇಡಿ. ಬೀದಿ ಬದಿಯ ಎಲೆಕ್ಟ್ರಿಷಿಯನ್ ಕೈಲಿ ಕಿತ್ತಳೆ ಬಣ್ಣದ ವೈರ್ ಮುಟ್ಟಿಸಬೇಡಿ, ಅದರಲ್ಲಿ ಪ್ರಾಣ ತೆಗೆಯುವಷ್ಟು ಕರೆಂಟ್ ಇರುತ್ತದೆ.

ಪ್ರಶ್ನೆ: ಡೀಸೆಲ್ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಮೈಲೇಜ್ ಜಾಸ್ತಿಯಾಗುತ್ತದೆಯೇ?

ಮಾರಿದವನ ಗಾಡಿಯಲ್ಲಿ ಅದು ಇದೆಯಾ ನೋಡಿ.

ಪ್ರಶ್ನೆ: 2012ರ ಎಲ್ಲೋ ಬೋರ್ಡ್ ಇನ್ನೋವಾ, ಬರೀ 90,000 ಕಿಲೋಮೀಟರ್ ಓಡಿದೆ ಅಂತ ಮಾರುತ್ತಿದ್ದಾರೆ. ನಂಬಬಹುದೇ?

ಕ್ಲಚ್ ಪೆಡಲ್‌ನ ರಬ್ಬರ್ ನೋಡಿ, ಸ್ಟೀರಿಂಗ್ ಎಷ್ಟು ನುಣುಪಾಗಿದೆ ನೋಡಿ, ಡ್ರೈವರ್ ಸೀಟಿನ ಬಲಗಡೆ ಅಂಚು ಕುಸಿದಿದೆಯಾ ನೋಡಿ. ಆಮೇಲೆ ಮೀಟರ್ ನೋಡಿ ಒಂದು ಸಲ ನಕ್ಕು ಬನ್ನಿ.

ಪ್ರಶ್ನೆ: ನಮ್ಮದು 2003ರ ಕ್ವಾಲಿಸ್, ಶಿವಮೊಗ್ಗದ ರಿಜಿಸ್ಟ್ರೇಷನ್. ಹಳೇ ಡೀಸೆಲ್ ಗಾಡಿ ನಿಷೇಧ ಅಂತ ಹೆದರಿಸಿ ಒಬ್ಬರು ಚಿಲ್ಲರೆ ಕಾಸಿಗೆ ಕೇಳುತ್ತಿದ್ದಾರೆ. ಕೊಟ್ಟುಬಿಡಲೇ?

ಅವರು ಹೇಳುತ್ತಿರುವುದು ದಿಲ್ಲಿ ಸುತ್ತಮುತ್ತಲಿನ ಕಥೆ, ಶಿವಮೊಗ್ಗದ್ದಲ್ಲ. ಗಾಡಿ ಸರಿಯಾಗಿದ್ದರೆ ಎಫ್‌ಸಿ ಮಾಡಿಸಿ, ತೆರಿಗೆ ಕಟ್ಟಿ. ಆರ್‌ಸಿ ಐದೈದು ವರ್ಷಕ್ಕೆ ಮುಂದುವರಿಯುತ್ತದೆ. ಹೆದರಿಸಿ ಕೊಳ್ಳಲು ಬಂದವರಿಗೆ ಕ್ವಾಲಿಸ್ ಬೆಲೆ ನಿಮಗಿಂತ ಚೆನ್ನಾಗಿ ಗೊತ್ತು. ಅಂದ ಹಾಗೆ, ಅದರಲ್ಲೂ ಟೈಮಿಂಗ್ ಬೆಲ್ಟ್ ಇದೆ. ಕೊನೆಯ ಸಲ ಯಾವಾಗ ಬದಲಿಸಿದ್ದು?