ಮಾಘದ ಮದುವೆಗೆ ಹೋಗುವುದೋ, ಬಿಡುವುದೋ

2022ರ ಜನವರಿಯಲ್ಲಿ ನೀವು ಬರೆದದ್ದರ ಸಾರ ಇಷ್ಟು: ಕಾರವಾರದಲ್ಲಿ ನೌಕರಿಯಲ್ಲಿದ್ದೀರಿ, ಫೆಬ್ರುವರಿಯಲ್ಲಿ ಸಿರ್ಸಿಯ ಸಭಾಭವನವೊಂದರಲ್ಲಿ ಚಿಕ್ಕಪ್ಪನ ಮಗಳ ಮದುವೆಯಿದೆ, ಮನೆಯಲ್ಲಿ ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯಿರುವ ತಂದೆಯವರಿದ್ದಾರೆ, ಕೊರೊನಾದ ಒಮಿಕ್ರಾನ್ ತಳಿಯ ಸೋಂಕು ದಿನದಿಂದ ದಿನಕ್ಕೆ ಏರುತ್ತಿದೆ, ಹೋಗದಿದ್ದರೆ ಚಿಕ್ಕಪ್ಪನವರಿಗೆ ಬೇಸರ, ಹೋದರೆ ತಂದೆಯವರ ಚಿಂತೆ. ಇಂಥ ಪ್ರಶ್ನೆಗೆ ಸುತ್ತಿ ಬಳಸಿ ಉತ್ತರಿಸುವುದು ಸರಿಯಲ್ಲ. ನನ್ನ ಅಭಿಪ್ರಾಯದಲ್ಲಿ ತಂದೆಯವರು ಹೋಗಬಾರದು. ನೀವು ಹೋಗಬಹುದು, ಆದರೆ ಧಾರೆಗೆ ಮಾತ್ರ, ಪಂಕ್ತಿಯಲ್ಲಿ ಊಟಕ್ಕೆ ಕೂರದೆ. ಅದೂ ಮರಳಿ ಬಂದ ಮೇಲೆ ಕೆಲವು ದಿನ ತಂದೆಯವರಿಂದ ಬೇರೆಯಾಗಿ ಇರಲು ನಿಮ್ಮ ಮನೆಯಲ್ಲಿ ಅನುಕೂಲವಿದ್ದರೆ. ಆ ಅನುಕೂಲವಿಲ್ಲದಿದ್ದರೆ ನೀವೂ ಹೋಗದಿರುವುದೇ ಒಳ್ಳೆಯದು. ಹೀಗೇಕೆ ಹೇಳುತ್ತಿದ್ದೇನೆ ಎಂಬುದನ್ನು ಮುಂದೆ ವಿವರಿಸುತ್ತೇನೆ.

ನಾನು ವೈದ್ಯನಲ್ಲ. ಸಿರ್ಸಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ತೋಟ ಮಾಡಿಕೊಂಡಿರುವವನು. ಡಯಾಲಿಸಿಸ್ ಆಗುತ್ತಿರುವ ತಾಯಿ ಮನೆಯಲ್ಲಿರುವುದರಿಂದ, 2020ರ ಮಾರ್ಚ್‌ನಿಂದ ಈಚೆಗೆ ನಮ್ಮ ಮನೆಗೆ ಬಂದ ಪ್ರತಿಯೊಂದು ಕರೆಯ ಬಗ್ಗೆಯೂ ಎಲ್ಲರೂ ಕೂತು ಮಾತಾಡಿಯೇ ತೀರ್ಮಾನಿಸಿದ್ದೇವೆ. ಆ ಮಾತುಕತೆಯಲ್ಲಿ ಮೊದಲು ಕೇಳಿಬರುವ ವಾದ ಯಾವಾಗಲೂ ಒಂದೇ: ದೂರದ ಸಂಬಂಧವಾದರೆ ಬಿಟ್ಟರೂ ನಡೆಯುತ್ತದೆ, ಸ್ವಂತ ಚಿಕ್ಕಪ್ಪನ ಮನೆಯದಾದರೆ ಹೋಗದೆ ಇರುವುದು ಹೇಗೆ? ಕೇಳುವುದಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಸೋಂಕಿನ ಲೆಕ್ಕ ಇದಕ್ಕೆ ತೀರ ವಿರುದ್ಧವಾಗಿದೆ. ದೂರದ ನೆಂಟರು ಮುಹೂರ್ತದ ಹೊತ್ತಿಗೆ ಬಂದು, ಅಕ್ಷತೆ ಹಾಕಿ, ಉಡುಗೊರೆ ಕೊಟ್ಟು, ಊಟ ಮಾಡಿ ಬಸ್ಸು ಹತ್ತುತ್ತಾರೆ. ಅಣ್ಣನ ಮಗನಾದ ನೀವು ಹಿಂದಿನ ದಿನವೇ ಹೋಗಬೇಕು, ರಾತ್ರಿ ಹತ್ತಾರು ಜನರೊಂದಿಗೆ ಒಂದೇ ಕೋಣೆಯಲ್ಲಿ ಮಲಗಬೇಕು, ಬೆಳಗಿನಿಂದ ಬಂದವರನ್ನು ಮಾತಾಡಿಸಬೇಕು, ಪಂಕ್ತಿಗೆ ಬಡಿಸಬೇಕು, ಎಲ್ಲರೂ ಹೋದ ಮೇಲೆ ಉಳಿದವರೊಂದಿಗೆ ಕೂತು ಲೆಕ್ಕ ಮುಗಿಸಬೇಕು. ಹೋಗಲೇಬೇಕು ಎಂದು ಅನಿಸುವಂತೆ ಮಾಡುವ ಆ ಹತ್ತಿರದ ಸಂಬಂಧವೇ ನೀವು ಅಪಾಯದಲ್ಲಿ ಕಳೆಯುವ ಹೊತ್ತನ್ನು ಮೂರು ಪಟ್ಟು, ನಾಲ್ಕು ಪಟ್ಟು ಹೆಚ್ಚಿಸುತ್ತದೆ. ಆದ್ದರಿಂದ ಕರೆದವರು ಯಾರು ಎಂಬುದರ ಮೇಲೆ ನಿರ್ಧಾರ ಮಾಡಬೇಡಿ. ಸಮಾರಂಭ ಮುಗಿಸಿ ಯಾರ ಬಳಿಗೆ ಮರಳುತ್ತೀರಿ, ಅಲ್ಲಿ ಎಷ್ಟು ಹೊತ್ತು, ಎಂಥ ಜಾಗದಲ್ಲಿ ಇರುತ್ತೀರಿ ಎಂಬುದರ ಮೇಲೆ ಮಾಡಿ.

ಜಾಗದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಸೀಮೆಯವರಿಗೆ ರೋಗದ ಎಚ್ಚರ ಹೊಸದಲ್ಲದಿದ್ದರೂ ನಾವು ಕಲಿತ ಎಚ್ಚರ ಬೇರೆ ಬಗೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಸಿದ್ದಾಪುರದ ಹಳ್ಳಿಗಳನ್ನು ಈಚಿನ ವರ್ಷಗಳಲ್ಲೂ ಕಾಡಿದೆ. ಅದು ಉಣುಗಿನಿಂದ ಬರುವ ಜ್ವರ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹಾಗಾಗಿ ಮಂಗ ಸತ್ತ ಕಾಡಿಗೆ ಹೋಗಬೇಡಿ, ಸೊಪ್ಪಿಗೆ ಹೋಗುವಾಗ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಹೇಳುತ್ತಿದ್ದರೇ ಹೊರತು ಮದುವೆಗೆ ಹೋಗಬೇಡಿ ಎಂದು ಯಾರೂ ಹೇಳುತ್ತಿರಲಿಲ್ಲ. ಕೊರೊನಾದಲ್ಲಿ ಕಾಡು, ತೋಟ, ಹುಲ್ಲಿನ ಬೇಣ ಎಲ್ಲವೂ ಸುರಕ್ಷಿತ. ಬಾಗಿಲು ಹಾಕಿದ ಹಾಲ್ ಅಪಾಯಕಾರಿ.

ಈ ವೈರಾಣು ಹರಡುವುದು ಮುಖ್ಯವಾಗಿ ಉಸಿರಿನ ಮೂಲಕ. ಮೊದಲ ವರ್ಷ ನಾವೆಲ್ಲ ಬಾಗಿಲ ಚಿಲಕ, ತರಕಾರಿ ಚೀಲ ತೊಳೆಯುವುದರಲ್ಲಿಯೇ ಹೆಚ್ಚು ಶ್ರಮಪಟ್ಟೆವು. ಆದರೆ ಮಾತಾಡುವಾಗ, ಹಾಡುವಾಗ ಹೊರಬರುವ ಅತಿ ಸಣ್ಣ ಕಣಗಳು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತವೆ ಎಂಬುದು ಈಗ ಸ್ಪಷ್ಟವಾಗಿದೆ. ಹೋಮದ ಹೊಗೆಯನ್ನು ನೆನೆಸಿಕೊಳ್ಳಿ: ಅಂಗಳದ ಚಪ್ಪರದಲ್ಲಿ ಹೋಮವಾದರೆ ಪುರೋಹಿತರ ಕಣ್ಣು ಮಾತ್ರ ಉರಿಯುತ್ತದೆ, ಒಳಗಿನ ನಡುಮನೆಯಲ್ಲಾದರೆ ಬಾಗಿಲ ಬಳಿ ನಿಂತವರ ಕಣ್ಣಲ್ಲೂ ನೀರು ಬರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ 2020ರ ಮಾರ್ಚ್ 10ರಂದು ಒಂದು ಗಾಯನ ತಂಡದ 61 ಜನ ಸೇರಿ ಸುಮಾರು ಎರಡೂವರೆ ತಾಸು ಅಭ್ಯಾಸ ಮಾಡಿದರು. ಅವರಲ್ಲಿ ಒಬ್ಬರಿಗೆ ಶೀತದಂಥ ಲಕ್ಷಣಗಳಿದ್ದವು. ಅವರನ್ನೂ ಸೇರಿಸಿ 53 ಮಂದಿ ಕಾಯಿಲೆ ಬಿದ್ದರೆಂದು ಆರೋಗ್ಯ ಇಲಾಖೆಯ ತನಿಖೆ ಗುರುತಿಸಿತು, ಇಬ್ಬರು ತೀರಿಕೊಂಡರು. ಅದು ಮೊದಲ ತಳಿಯ ಕಾಲ. ಒಮಿಕ್ರಾನ್ ಅದಕ್ಕಿಂತ ಬಹಳ ವೇಗವಾಗಿ ಹರಡುತ್ತದೆ.

ಈ ಸಂಗತಿಯನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ಮದುವೆಗಳ ಊಟದ ಮನೆ. ಧಾರೆಯ ಹೊತ್ತಿನಲ್ಲಿ ಎಲ್ಲರ ಮುಖದ ಮೇಲೂ ಮಾಸ್ಕ್ ಇರುತ್ತದೆ, ಇಲ್ಲದಿದ್ದರೆ ಹಾಕಿಕೊಳ್ಳಿ ಎಂದು ಹೇಳಬಹುದು. ಊಟಕ್ಕೆ ಕೂತ ಕೂಡಲೇ ಅದು ಗಲ್ಲಕ್ಕೆ ಇಳಿಯುತ್ತದೆ ಅಥವಾ ಕಿಸೆ ಸೇರುತ್ತದೆ. ಪಕ್ಕದವರ ಮೊಣಕೈ ತಗಲುವಷ್ಟು ಹತ್ತಿರ ಬಾಳೆಗಳು. ಸಾರು ಮುಗಿದು ಸಿಹಿ ಬರುವ ಹೊತ್ತಿಗೆ ಹಿರಿಯರೊಬ್ಬರು ಶ್ಲೋಕ ಎತ್ತುತ್ತಾರೆ, ಇನ್ನೊಂದು ಸಾಲಿನಿಂದ ಮತ್ತೊಬ್ಬರು ಉತ್ತರ ಕೊಡುವಂತೆ ಹಾಡುತ್ತಾರೆ, ಪ್ರತಿ ಶ್ಲೋಕದ ಕೊನೆಗೂ ಇಡೀ ಪಂಕ್ತಿ ಗಟ್ಟಿ ದನಿಯಲ್ಲಿ ಹರಹರ ಮಹಾದೇವ ಎನ್ನುತ್ತದೆ. ನನಗೆ ಅತ್ಯಂತ ಪ್ರಿಯವಾದ ಸಂಪ್ರದಾಯವದು. ಆದರೆ ಸ್ಕ್ಯಾಜಿಟ್‌ನ ಗಾಯನ ತಂಡಕ್ಕೂ ಈ ಪಂಕ್ತಿಗೂ ಗಾಳಿಯ ದೃಷ್ಟಿಯಿಂದ ಯಾವ ವ್ಯತ್ಯಾಸವೂ ಇಲ್ಲ. ಊಟವಾದ ಮೇಲೆ ಕವಳದ ತಟ್ಟೆಯ ಸುತ್ತ ಐದಾರು ಜನ ಮಂಡಿಗೆ ಮಂಡಿ ತಾಗಿಸಿ ಕೂರುತ್ತಾರೆ. ಎಲೆಗೆ ಸುಣ್ಣ ಹಚ್ಚುತ್ತ, ಅಡಿಕೆ ಧಾರಣೆಯಿಂದ ಹಿಡಿದು ಊರ ಸುದ್ದಿಯವರೆಗೆ ಮಾತು ಬೆಳೆಯುತ್ತದೆ. ಮಾಸ್ಕ್ ಹಾಕಿಕೊಂಡು ಕವಳ ಹಾಕುವುದು ಸಾಧ್ಯವಿಲ್ಲ. ಮದುವೆಯ ಅಪಾಯದ ಬಹುಪಾಲು ಈ ಒಂದೂವರೆ ತಾಸಿನಲ್ಲಿ ಅಡಗಿದೆ ಎಂಬುದು ನನ್ನ ದೃಢವಾದ ತಿಳಿವಳಿಕೆ. ಆದ್ದರಿಂದಲೇ ಧಾರೆಗೆ ಹೋಗಿ, ಊಟ ಬಿಡಿ ಎಂದು ಮೊದಲೇ ಹೇಳಿದ್ದು. ನಮ್ಮಲ್ಲಿ ಉಣ್ಣದೆ ಹೋದರೆ ಕರೆದವರ ಮನಸ್ಸಿಗೆ ತಾಗುತ್ತದೆ ಎಂಬುದನ್ನು ಬಲ್ಲೆ. ಅದಕ್ಕೆ ಮೊದಲೇ ಮಾತಾಡಿಕೊಂಡಿರಬೇಕು, ಸಾಧ್ಯವಾದರೆ ಹೋಳಿಗೆಯ ಪೊಟ್ಟಣವನ್ನು ಕೇಳಿ ಪಡೆದುಕೊಂಡು ಹೊರಡಬೇಕು.

2022ರ ಜನವರಿಯಲ್ಲಿ ಸರ್ಕಾರ ಮದುವೆಗೆ ಹೊರಾಂಗಣದಲ್ಲಿ 200, ಒಳಾಂಗಣದಲ್ಲಿ 100 ಜನರ ಮಿತಿ ಹಾಕಿತ್ತು. 2020ರ ಮೇ ತಿಂಗಳಲ್ಲಿ ಅದು 50 ಇತ್ತು. ಮಿತಿಯೊಳಗಿದ್ದರೆ ಸುರಕ್ಷಿತ ಎಂದು ಅನೇಕರು ತಿಳಿಯುತ್ತಾರೆ. ಆದರೆ ಕಿಟಕಿ ಮುಚ್ಚಿದ ಹಾಲ್‌ನ 50 ಜನರಿಗಿಂತ ಅಡಿಕೆ ದಬ್ಬೆಯ ಚಪ್ಪರದ ಕೆಳಗಿನ 150 ಜನರ ನಡುವೆ ನಿಲ್ಲಲು ನಾನು ಒಪ್ಪುತ್ತೇನೆ. ಮಾಘದಲ್ಲಿ ನಮ್ಮಲ್ಲಿ ಮಳೆಯಿಲ್ಲ, ಅಂಗಳದಲ್ಲಿಯೇ ಧಾರೆ ಎರೆಯಬಹುದು. ಚಿಕ್ಕಪ್ಪನವರಿಗೆ ಈಗಲೂ ಮನೆಯಂಗಳಕ್ಕೆ ಬದಲಿಸುವ ಮನಸ್ಸಿದ್ದರೆ ಅದಕ್ಕೆ ನೀವು ಕೈಜೋಡಿಸಿ ದುಡಿಯುವುದು ಎಲ್ಲ ಉಡುಗೊರೆಗಿಂತ ದೊಡ್ಡದು. ಇದೇ ಮನೆ ಆಷಾಢ, ಶ್ರಾವಣದಲ್ಲಿ ಬೇರೆಯೇ ಆಗುತ್ತದೆ. ಎರಚಲಿಗೆ ತಟ್ಟಿ ಕಟ್ಟಿ, ಕಿಟಕಿ ಹಾಕಿ, ಜಗುಲಿಯಲ್ಲಿಯೇ ಎಲ್ಲ ಕೂರುವುದರಿಂದ, ಮಳೆಗಾಲದ ಪೂಜೆ ತಾಳಮದ್ದಳೆಗಳನ್ನು ನಾವು ಸೋಂಕಿರುವ ವರ್ಷಗಳಲ್ಲಿ ಪೂರ್ತಿ ಬಿಟ್ಟಿದ್ದೇವೆ.

ಒಮಿಕ್ರಾನ್ ಸೌಮ್ಯ ಎಂಬ ಮಾತನ್ನು ನೀವೂ ಕೇಳಿರಬಹುದು. ಲಸಿಕೆ ಹಾಕಿಸಿಕೊಂಡ ಮೂವತ್ತರ ಯುವಕರಿಗೆ ಅದು ಬಹುತೇಕ ನಿಜ. ಎಪ್ಪತ್ತು ದಾಟಿದ ಮಧುಮೇಹಿಗಳಿಗೆ ಅದೇ ಮಾತನ್ನು ಹಾಗೆಯೇ ಅನ್ವಯಿಸಲಾಗದು. ನಮ್ಮ ಜಿಲ್ಲೆಯವರು ಇನ್ನೊಂದನ್ನು ಸೇರಿಸಿ ಯೋಚಿಸಬೇಕು. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಆದರೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ನಮ್ಮ ಕೂಗು 2022ರ ಆರಂಭದಲ್ಲೂ ಕೂಗಾಗಿಯೇ ಉಳಿದಿತ್ತು. ಸ್ಥಿತಿ ಗಂಭೀರವಾದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾ. ಸಿರ್ಸಿಯಿಂದ ಹುಬ್ಬಳ್ಳಿಗೇ ನೂರು ಕಿಲೋಮೀಟರ್, ಕರಾವಳಿಗೆ ಇಳಿಯುವುದಾದರೆ ನಡುವೆ ದೇವಿಮನೆ ಘಟ್ಟ. 2021ರ ಎರಡನೆಯ ಅಲೆಯಲ್ಲಿ ಆಮ್ಲಜನಕದ ಹಾಸಿಗೆಗಾಗಿ ಜನ ಪಟ್ಟ ಪಾಡನ್ನು ನೋಡಿದ ಮೇಲೆ, ದೊಡ್ಡ ಆಸ್ಪತ್ರೆಯ ಪಕ್ಕದ ಬೀದಿಯಲ್ಲಿರುವವರು ತೆಗೆದುಕೊಳ್ಳುವ ಧೈರ್ಯವನ್ನು ನಾವು ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ತಂದೆಯವರಿಗೆ ಲಸಿಕೆಯ ಎರಡನೆಯ ಡೋಸ್ ಆಗಿ ಒಂಬತ್ತು ತಿಂಗಳಾಗಿದ್ದರೆ ಕೂಡಲೇ ಮುನ್ನೆಚ್ಚರಿಕೆ ಡೋಸ್, ಅಂದರೆ ಮೂರನೆಯ ಡೋಸ್ ಹಾಕಿಸಿ. ಅರವತ್ತು ದಾಟಿದ, ಬೇರೆ ಕಾಯಿಲೆಯಿರುವವರಿಗೆ 2022ರ ಜನವರಿ 10ರಿಂದ ಕೊಡತೊಡಗಿದರು. ಅದರ ಬಲ ಬರಲು ಒಂದೆರಡು ವಾರ ಬೇಕಾದ್ದರಿಂದ ಮದುವೆಯ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಬೆಂಗಳೂರಿನಿಂದ ಮುಚ್ಚಿದ ಸ್ಲೀಪರ್ ಬಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬರುವ ನೆಂಟರ ಬಗ್ಗೆಯೂ ಚಿಕ್ಕಪ್ಪನವರೊಂದಿಗೆ ಮಾತಾಡಿ: ಮೂರು ದಿನದ ಹಿಂದಿನ ಆರ್‌ಟಿಪಿಸಿಆರ್ ವರದಿಗಿಂತ ಅದೇ ಬೆಳಿಗ್ಗೆ ಮನೆಯಲ್ಲೇ ಮಾಡಿಕೊಂಡ ಆ್ಯಂಟಿಜೆನ್ ಪರೀಕ್ಷೆ ಆ ದಿನದ ಮಟ್ಟಿಗೆ ಹೆಚ್ಚು ಉಪಯುಕ್ತ. ಅದರಲ್ಲಿ ನೆಗೆಟಿವ್ ಬಂದವರಲ್ಲೂ ಸೋಂಕಿರುವ ಸಾಧ್ಯತೆಯಿದೆ. ಲಕ್ಷಣ ಕಾಣುವುದಕ್ಕೆ ಎರಡು ದಿನ ಮೊದಲೇ ಹರಡುವ ಕಾಯಿಲೆಯಿದು.

ಇನ್ನು ಚಿಕ್ಕಪ್ಪನವರಿಗೆ ಹೇಳುವ ಬಗೆ. ನಮ್ಮ ಮನೆಯ ಒಂದು ಪ್ರಸಂಗವನ್ನು ಹೇಳುತ್ತೇನೆ. 2021ರ ಏಪ್ರಿಲ್‌ನಲ್ಲಿ ಅಕ್ಕನ ಮಗನ ಉಪನಯನ ನಿಶ್ಚಯವಾಗಿತ್ತು. ಸೋದರಮಾವನಾದ ನಾನು, ಅಜ್ಜಿಯಾದ ಅಮ್ಮ, ಇಬ್ಬರೂ ಇಲ್ಲದ ಮುಂಜಿ ಎಂದರೆ ಅಕ್ಕನಿಗೆ ಎಷ್ಟು ಕಷ್ಟ ಎಂಬುದು ನಮಗೆ ಗೊತ್ತಿತ್ತು. ಆಮಂತ್ರಣ ಅಚ್ಚಾಗುವ ಮೊದಲೇ ಅಕ್ಕನ ಮನೆಗೆ ಹೋಗಿ, ಅಂಗಳದಲ್ಲಿ ಕೂತು, ಅಮ್ಮನ ಪರಿಸ್ಥಿತಿಯನ್ನು ವಿವರಿಸಿದೆ. ಭಾವ ತಕ್ಷಣ ಒಪ್ಪಿದರು. ಅಕ್ಕ ಮಾತ್ರ, “ಅಮ್ಮನ ಕೈಯಿಂದ ಭಿಕ್ಷೆ ಬೀಳದಿದ್ದರೆ ಅದೆಂಥ ಮುಂಜಿಯೋ?” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ದಾರಿ ತೋರಿಸಿದವರು ಅವರ ಪುರೋಹಿತರು. ಅಜ್ಜಿಯ ಭಿಕ್ಷೆಯನ್ನು ಕಾಲ ಸರಿಯಾದ ಮೇಲೆ ಅವರ ಮನೆಯಲ್ಲಿಯೇ ಪಡೆಯಬಹುದು ಎಂದರು. ಸೋಂಕು ಇಳಿದ ಮೇಲೆ, ನವರಾತ್ರಿಯ ಹೊತ್ತಿಗೆ, ಹುಡುಗ ಬಂದು ಅಂಗಳದಲ್ಲಿ ನಿಂತು “ಭವತಿ ಭಿಕ್ಷಾಂ ದೇಹಿ” ಎಂದ. ಅಮ್ಮ ಜಗುಲಿಯ ಅಂಚಿನಲ್ಲಿ ಕೂತು ಅವನ ಹರಿವಾಣಕ್ಕೆ ಅಕ್ಕಿ ಹಾಕಿ, ಅದರ ಮೇಲೆ ನಾಣ್ಯವಿಟ್ಟರು. ಅಕ್ಕನ ಬೇಸರ ಅಂದು ಪೂರ್ತಿ ಹೋಯಿತು. ಎಲ್ಲ ಮನೆಗಳಲ್ಲೂ ಹೀಗೆ ಸುಖವಾಗಿ ಮುಗಿಯುತ್ತದೆ ಎಂದು ಹೇಳಲಾರೆ, ಆದರೆ ಕೊನೆಯ ಗಳಿಗೆಯಲ್ಲಿ ನೆಪ ಹೇಳಿ ತಪ್ಪಿಸಿಕೊಂಡವರ ಮೇಲಿನ ಸಿಟ್ಟು ಉಳಿದಷ್ಟು ಕಾಲ, ಮೊದಲೇ ಎದುರು ಕೂತು ನಿಜ ಹೇಳಿದವರ ಮೇಲಿನ ಸಿಟ್ಟು ಉಳಿದದ್ದನ್ನು ನಾನು ಕಂಡಿಲ್ಲ. ಚಿಕ್ಕಪ್ಪನವರಿಗೆ ವಾಟ್ಸ್ಆ್ಯಪ್ ಸಂದೇಶ ಕಳಿಸಬೇಡಿ. ತಂದೆಯವರೇ ಫೋನ್ ಮಾಡಿ, “ತಮ್ಮಾ, ನನಗೆ ಬರಲಾಗುವುದಿಲ್ಲ, ಮಗನನ್ನು ಧಾರೆಗೆ ಕಳಿಸುತ್ತೇನೆ, ಮದುಮಕ್ಕಳನ್ನು ಆಮೇಲೆ ಮನೆಗೆ ಕರೆಸಿಕೊಳ್ಳುತ್ತೇನೆ” ಎಂದು ಹೇಳಲಿ. ಅಣ್ಣನ ಬಾಯಿಂದ ಬಂದ ಮಾತಿಗೆ ಇರುವ ತೂಕ ನಿಮ್ಮ ಮಾತಿಗೆ ಬರುವುದಿಲ್ಲ.

ಸಾವಿನ ಮನೆಯ ವಿಷಯ ನೀವು ಕೇಳಿಲ್ಲ, ಆದರೂ ಒಂದು ಮಾತು. ಮದುವೆಯ ಸಂತೋಷವನ್ನು ಮುಂದೆ ಹಂಚಿಕೊಳ್ಳಬಹುದು, ಸಾವಿಗೆ ಎರಡನೆಯ ಅವಕಾಶವಿಲ್ಲ. ದಹನ ನಡೆಯುವುದು ಬಯಲಿನಲ್ಲಿ. ಮಾಸ್ಕ್ ಹಾಕಿ, ದೂರ ನಿಂತು ಬನ್ನಿ. ಹದಿಮೂರನೆಯ ದಿನದ ಊಟಕ್ಕೆ ಹೋಗಬೇಡಿ.

ಮದುವೆಯಿಂದ ಮರಳಿದ ಮೇಲಿನ ವ್ಯವಸ್ಥೆಯನ್ನು ಹೋಗುವ ಮೊದಲೇ ಮಾಡಿಟ್ಟುಕೊಳ್ಳಿ. ಒಮಿಕ್ರಾನ್‌ನ ಲಕ್ಷಣಗಳು ಸಾಮಾನ್ಯವಾಗಿ ಮೂರನೆಯ ದಿನದ ಸುಮಾರಿಗೆ ಕಾಣಿಸುತ್ತವೆ, ಕೆಲವರಿಗೆ ಇನ್ನೂ ತಡವಾಗಬಹುದು. ಮೊದಲ ವಾರ ಬೇರೆ ಕೋಣೆಯಲ್ಲಿ ಮಲಗಿ, ಊಟವನ್ನು ಬೇರೆ ಮಾಡಿ, ತಂದೆಯವರ ಬಳಿ ಹೋಗಲೇಬೇಕಾದಾಗ ಇಬ್ಬರೂ ಎನ್95 ಮಾಸ್ಕ್ ಹಾಕಿಕೊಳ್ಳಿ, ಮೂರನೆಯ ಮತ್ತು ಐದನೆಯ ದಿನ ಕಿಟ್‌ನಲ್ಲಿ ಪರೀಕ್ಷೆ ಮಾಡಿಕೊಳ್ಳಿ. ಅವರಿಗೆ ಇನ್ಸುಲಿನ್ ಕೊಡುವವರು ನೀವೇ ಆಗಿದ್ದರೆ ಆ ಕೆಲಸವನ್ನು ಮದುವೆಗೆ ಹೋಗದ ಒಬ್ಬರಿಗೆ ಮುಂಚೆಯೇ ಕಲಿಸಿಡಿ. ಕಾರವಾರದಲ್ಲಿ ನಿಮ್ಮದು ಒಂದೇ ಕೋಣೆ, ಒಂದೇ ಬಚ್ಚಲಿನ ಬಾಡಿಗೆ ಮನೆಯಾಗಿದ್ದು, ಆ ಒಂದು ವಾರ ನೀವು ಗೆಳೆಯರ ಕೋಣೆಯಲ್ಲೋ ಲಾಡ್ಜಿನಲ್ಲೋ ಇರಲು ಸಾಧ್ಯವಿಲ್ಲವೆಂದಾದರೆ, ಧಾರೆಯನ್ನು ತಂದೆಯವರ ಪಕ್ಕದಲ್ಲಿ ಕೂತು ಮೊಬೈಲ್‌ನಲ್ಲಿ ನೋಡಿ, ಉಡುಗೊರೆಯನ್ನು ಮುಂಚಿತವಾಗಿ ತಲುಪಿಸಿ.