ಬೇಲಿಗಂಡಿಯ ಉರುಳು

ಮಲೆನಾಡಿನ ಕಡೆಯ ಯುವಕರೊಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಯಸ್ಸು, ಮನೆತನದ ವಿವರಗಳನ್ನು ಬದಲಿಸಿದ್ದೇನೆ.

"ಮೇಡಂ, ಎರಡು ವಾರದಿಂದ ನಿದ್ದೆ ಇಲ್ಲ. ಮಾತ್ರೆ ಏನಾದ್ರೂ ಕೊಡಿಸಿ" ಎಂದು ಬಂದವರು ಅವರು. ನಾನು ಆಪ್ತಸಮಾಲೋಚಕಿ, ಮಾತ್ರೆ ಬರೆಯುವವಳಲ್ಲ, ಅದಕ್ಕೆ ವೈದ್ಯರ ಬಳಿ ಕಳಿಸುತ್ತೇನೆ ಎಂದೆ. ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ನಿಜವಾದ ವಿಷಯ ಬಾಯಿಗೆ ಬಂದದ್ದು ಎರಡನೇ ಭೇಟಿಯಲ್ಲಿ.

ಭತ್ತದ ಕಾಳಿನಲ್ಲಿ ಹಾಲು ತುಂಬುತ್ತಿತ್ತು. ಕಾಡುಹಂದಿ ಹಿಂಡು ನುಗ್ಗಿದರೆ ಒಂದೇ ರಾತ್ರಿಯಲ್ಲಿ ಗದ್ದೆ ಕೆಸರುಗುಂಡಿ. ಪ್ರತಿವರ್ಷ ಬೇಲಿಗಂಡಿಗೆ ಉರುಳು ಹಾಕುತ್ತಿದ್ದವರು ಅಪ್ಪ. ಮಂಡಿನೋವಿನಿಂದ ಅವರಿಗೆ ಆಗದೆ ಈ ಸಲ ಮಗನೇ ಬೈಕಿನ ಹಳೆ ಕ್ಲಚ್ ವೈರು ತಂದು ಹಾಕಿದ್ದರು. ಒಂದು ಬೆಳಗ್ಗೆ ಅದರಲ್ಲಿ ಸಿಕ್ಕಿದ್ದು ಚಿರತೆ. ವೈರು ಸೊಂಟಕ್ಕೆ ಬಿಗಿದಿತ್ತು. ಪಕ್ಕದ ಸಿಲ್ವರ್ ಓಕ್ ಮರದ ತೊಗಟೆ ಪಂಜ ಎಟುಕುವಷ್ಟು ಎತ್ತರದವರೆಗೂ ಸಿಗಿದುಹೋಗಿತ್ತು, ಸುತ್ತಲಿನ ನೆಲ ಗುಂಡಗೆ ಕೆತ್ತಿಹೋಗಿತ್ತು. ಫಾರೆಸ್ಟಿನವರಿಗೆ ಫೋನ್ ಮಾಡುತ್ತೇನೆ ಎಂದಾಗ ಚಿಕ್ಕಪ್ಪ ಕೈ ಹಿಡಿದುಕೊಂಡರು: "ಸುಮ್ನಿರು, ಮನೆಯವರೆಲ್ಲ ಒಳಗೆ ಹೋಗ್ಬೇಕಾಗ್ತದೆ." ಮೂರು ಗಂಟೆ ಕಳೆಯಿತು. ಮೊದಮೊದಲು ಅದು ಗುರುಗುಡುತ್ತಿತ್ತು. ಆಮೇಲೆ ಉಸಿರಿನ ಸದ್ದಷ್ಟೇ.

"ಫೋನ್ ಜೇಬಲ್ಲೇ ಇತ್ತು ಮೇಡಂ." ಈ ಮಾತನ್ನು ಅವರು ನಾಲ್ಕೈದು ಸಲ ಹೇಳಿದರು.

ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಅಮೆರಿಕದ ಮನೋವೈದ್ಯ ಜೊನಾಥನ್ ಶೇ 1990ರ ದಶಕದಲ್ಲಿ ಇಂಥ ನೋವಿನ ಬಗ್ಗೆ ಬರೆದರು. ಸರಿಯೆಂದು ಗೊತ್ತಿದ್ದದ್ದಕ್ಕೆ ವಿರುದ್ಧವಾಗಿ ನಡೆದುಹೋದಾಗ ಮನಸ್ಸಿಗಾಗುವ ಈ ಗಾಯವನ್ನು ನೈತಿಕ ಗಾಯ ಎನ್ನುತ್ತೇವೆ. ಭಯದಿಂದಾದ ಆಘಾತವಾದರೆ "ಅಪಾಯ ಕಳೆಯಿತು, ಈಗ ನೀವು ಸುರಕ್ಷಿತ" ಎಂದು ಮನಸ್ಸಿಗೆ ಮನವರಿಕೆ ಮಾಡಿಸುತ್ತೇವೆ. ಇಲ್ಲಿ ಆ ಮಾತು ನಡೆಯುವುದಿಲ್ಲ. ಏಕೆಂದರೆ, "ಉಳಿದ ಉರುಳುಗಳು ಎಲ್ಲಿವೆ?" ಎಂದು ನಾನು ಕೇಳಿದಾಗ ಅವರು ಬಹಳ ಹೊತ್ತು ನೆಲ ನೋಡುತ್ತ ಕೂತರು. ಕೊನೆಗೆ, "ಅಲ್ಲೇ ಇವೆ" ಎಂದರು.

ಆಗ ನಾನು ಹೇಳಿದ್ದು ಇಷ್ಟು: ನಿಮ್ಮ ಮನಸ್ಸು ಕೆಟ್ಟಿಲ್ಲ, ಇದ್ದದ್ದನ್ನೇ ಹೇಳುತ್ತಿದೆ. ಆ ವೈರುಗಳು ಅಲ್ಲಿರುವ ತನಕ ಯಾವ ಮಾತ್ರೆಯೂ, ನನ್ನ ಯಾವ ಸಮಾಧಾನವೂ ಅದರ ಬಾಯಿ ಮುಚ್ಚಿಸಬಾರದು. ಇವತ್ತೇ ಹೋಗಿ ಕೀಳಿ. ಚಿರತೆಯ ವಿಷಯ ಹಾಗಿರಲಿ, ಹಂದಿಗೂ ಸೊಂಟ ಬಿಗಿದರೆ ಅದೇ ಸಂಕಟ.

"ಫೋನ್ ಮಾಡಿದ್ರೆ ಉಳೀತಿತ್ತಾ?" ಎಂದು ಕೇಳಿದರು. ಸುಳ್ಳು ಹೇಳಲು ಮನಸ್ಸು ಒಪ್ಪಲಿಲ್ಲ. ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಿದ್ದರೆ ವೈದ್ಯರು ಬಂದು ಅರಿವಳಿಕೆ ಕೊಟ್ಟು ವೈರು ಕತ್ತರಿಸಬಹುದಿತ್ತು. ಆದರೆ ಸೊಂಟಕ್ಕೆ ಬಿದ್ದ ಉರುಳು ಒಳಗಿನ ಅಂಗಗಳನ್ನೇ ಜಜ್ಜುತ್ತದೆ, ಬಿಡಿಸಿದ ಮೇಲೂ ಸಾಯುವುದುಂಟು. ಉಳಿಯುತ್ತಿತ್ತೋ ಇಲ್ಲವೋ, ಅದಕ್ಕೊಂದು ಅವಕಾಶ ಸಿಗಲಿಲ್ಲ ಎಂದೆ. ಅವರು ಅತ್ತರು. ನಾನು ತಡೆಯಲಿಲ್ಲ.

ಕಾನೂನಿನ ಮಾತನ್ನೂ ಮುಚ್ಚಿಡಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉರುಳು ಹಾಕುವುದೇ ಬೇಟೆ. ಚಿರತೆಯ ವಿಷಯದಲ್ಲಿ ಮೂರರಿಂದ ಏಳು ವರ್ಷ ಜೈಲು. ಇಲಾಖೆಗೆ ಹೇಳಿಕೊಳ್ಳಬೇಕೇ ಎಂಬುದನ್ನು ವಕೀಲರ ಜೊತೆ ಕೂತು ಅವರೇ ತೀರ್ಮಾನಿಸಬೇಕು. ಹೇಳಿಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ, ಅದನ್ನೂ ತಿಳಿಸಿದೆ. ಅವರು ವಕೀಲರನ್ನು ಒಮ್ಮೆ ಕಂಡಿದ್ದಾರೆ. ತೀರ್ಮಾನ ಇನ್ನೂ ಆಗಿಲ್ಲ.

ಕಷ್ಟವಿದ್ದದ್ದು ಅಪ್ಪನ ಎದುರು ನಿಲ್ಲುವುದರಲ್ಲಿ. "ನೀವು ಪಾಪ ಮಾಡಿದ್ರಿ ಅಂತ ಮಾತು ಶುರು ಮಾಡಬೇಡಿ. ನನ್ನ ಕೈಯಲ್ಲಿ ಇನ್ನು ಇದು ಆಗಲ್ಲ ಅಪ್ಪ, ಅಷ್ಟೇ ಹೇಳಿ" ಎಂದೆ. ಇನ್ನೊಂದು ಮಾತನ್ನು ಒತ್ತಿ ಹೇಳಿದೆ: ನಿಮ್ಮ ಮನಸ್ಸಾಕ್ಷಿಯ ಖರ್ಚನ್ನು ಅಪ್ಪನ ತಲೆಗೆ ಕಟ್ಟಬೇಡಿ. ಉರುಳು ಕಿತ್ತರೆ ಹಂದಿ ಬಂದೇ ಬರುತ್ತದೆ. ಕೊಯ್ಲಿನ ತನಕ ಅಟ್ಟಣೆಯಲ್ಲಿ ಕೂತು ಗದ್ದೆ ಕಾಯುವವರು ನೀವೇ ಆಗಬೇಕು. ಬೆಳೆ ಹೋದರೆ ಫೋಟೋ ತೆಗೆದು ಇಲಾಖೆಗೆ ಪರಿಹಾರದ ಅರ್ಜಿ ಹಾಕಲು ಓಡಾಡಬೇಕಾದವರೂ ನೀವೇ. ಮುಂದಿನ ಬೆಳೆಗೆ ಸೋಲಾರ್ ಬೇಲಿ ಆಗುತ್ತದೋ ನೋಡಿ; ಅದು ಬಿಟ್ಟುಬಿಟ್ಟು ಹೊಡೆಯುವ ಶಾಕ್, ಬೆದರಿಸಿ ಓಡಿಸುತ್ತದೆ. ಲೈನಿನಿಂದ ಬೇಲಿಗೆ ನೇರ ಕರೆಂಟ್ ಕೊಡುವ ಯೋಚನೆ ಮಾತ್ರ ಬೇಡ, ಅದು ಮನುಷ್ಯರನ್ನೂ ಕೊಲ್ಲುತ್ತದೆ.

ಅವತ್ತೇ ಸಂಜೆ ಹನ್ನೊಂದು ಉರುಳು ಕಿತ್ತರಂತೆ. ಅಪ್ಪ ಎಂಟು ದಿನ ಮಾತು ಬಿಟ್ಟರು. ಗದ್ದೆಯ ಒಂದು ಮೂಲೆಯನ್ನು ಹಂದಿಗಳು ತಿಂದೂ ಹಾಕಿದವು. ಅಟ್ಟಣೆಯಲ್ಲಿ ಎಚ್ಚರವಿದ್ದು ಬೆಳಗಿನ ಜಾವ ಮನೆಗೆ ಬಂದು ಮಲಗಿದರೆ ಎರಡು ಮೂರು ಗಂಟೆ ನಿದ್ದೆ ಹತ್ತುತ್ತಿದೆ ಎಂದರು. ಚಿರತೆಯ ಉಸಿರು ಈಗಲೂ ಕೇಳುತ್ತದೆ, ದಿನಾ ಅಲ್ಲ.

ಒಂಬತ್ತನೇ ದಿನ ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಟ್ಟೆಯಿಂದ ತಲೆ ಎತ್ತದೆಯೇ ಕೇಳಿದರಂತೆ: "ಹಲಸಿನ ಮರದ ಕೆಳಗಿನ ಗಂಡೀಲಿ ಒಂದು ಉಳ್ಕಂಡದೆ. ಹೋದ ವರ್ಷ ನಾನು ಹಾಕಿದ್ದು. ಕಿತ್ತ್ಯಾ?" ಇಲ್ಲ ಎಂದು ಮಗ ಎದ್ದು ಹೊರಟರೆ, ಮಂಡಿ ಹಿಡಿದುಕೊಂಡೇ ಬದುವಿನ ತನಕ ಬಂದು, ವೈರು ಬಿಚ್ಚಿ ಮುಗಿಯುವವರೆಗೂ ಬ್ಯಾಟರಿ ಬೆಳಕು ಹಿಡಿದು ನಿಂತಿದ್ದರಂತೆ.