ಜಗಳವನ್ನು ಬಿಟ್ಟು ಬರೆದ ಇತಿಹಾಸ

ಆತ್ಮೀಯರೇ, ನಮಸ್ಕಾರ.

ಹಸಿವು ನೀಗಿಸಲು ದೇಶಗಳು ಒಟ್ಟಾಗಿ ನಡೆಸಿದ ಪ್ರಯತ್ನಗಳ ಇತಿಹಾಸವನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಈ ಪತ್ರ ಉದ್ದವಾಗುತ್ತಿದೆ.

1905ರಲ್ಲಿ ರೋಮ್‌ನಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಕೃಷಿ ಸಂಸ್ಥೆಯಿಂದ ಹೊರಟು, 1943ರಲ್ಲಿ 44 ದೇಶಗಳು ಸೇರಿದ ಅಮೆರಿಕದ ಹಾಟ್ ಸ್ಪ್ರಿಂಗ್ಸ್ ಸಮ್ಮೇಳನ, 1945ರಲ್ಲಿ ಹುಟ್ಟಿದ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, 1974 ಮತ್ತು 1996ರ ರೋಮ್ ಸಭೆಗಳು ಎಂದು ಸಾಲಾಗಿ ಬರೆದಿದ್ದೀರಿ. ಸಭೆ ಸೇರುತ್ತದೆ, ಘೋಷಣೆ ಹೊರಡುತ್ತದೆ, ಮುಂದಿನ ಪ್ಯಾರಾದಲ್ಲಿ ಇನ್ನೊಂದು ಸಭೆ. ಎಲ್ಲೂ ಯಾರೂ ಯಾರ ಮಾತನ್ನೂ ಅಲ್ಲಗಳೆಯುವುದಿಲ್ಲ. ಇಷ್ಟೊಂದು ಒಮ್ಮತವಿದ್ದ ಮೇಲೆ ಹಸಿವು ಏಕೆ ಉಳಿಯಿತು? ಓದುಗ ಮೊದಲು ಕೇಳುವುದು ಇದನ್ನೇ.

ಉತ್ತರದ ಎಳೆ ನಿಮ್ಮ ಆರನೇ ಪುಟದಲ್ಲಿದೆ. ‘1946ರಲ್ಲಿ ಬಾಯ್ಡ್ ಆರ್ ವಿಶ್ವ ಆಹಾರ ಮಂಡಳಿಯ ಪ್ರಸ್ತಾವ ಮುಂದಿಟ್ಟರು, ಅದು ಕೈಗೂಡಲಿಲ್ಲ’ ಎಂದು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ನನಗೆ ಅದನ್ನು ದಾಟಲಾಗಲಿಲ್ಲ. ಜಾನ್ ಬಾಯ್ಡ್ ಆರ್ ಸ್ಕಾಟ್ಲೆಂಡಿನ ಪೌಷ್ಟಿಕಾಂಶ ವಿಜ್ಞಾನಿ. ಬ್ರಿಟನ್ನಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆರೋಗ್ಯಕ್ಕೆ ತಕ್ಕ ಊಟವನ್ನು ಕೊಳ್ಳುವ ಶಕ್ತಿಯಿಲ್ಲ ಎಂದು 1936ರಲ್ಲೇ ತೋರಿಸಿದವರು. ಅಂಗಡಿಯಲ್ಲಿ ಆಹಾರವಿದ್ದೂ ಹಸಿವಿರಬಹುದು ಎಂಬುದನ್ನು ಅವರು ತಮ್ಮ ಶ್ರೀಮಂತ ದೇಶದಲ್ಲೇ ಕಂಡಿದ್ದರು. ಆಹಾರ ಮತ್ತು ಕೃಷಿ ಸಂಸ್ಥೆಯ ಮೊದಲ ಮಹಾನಿರ್ದೇಶಕರಾದಾಗ ಅವರು ಕೇಳಿದ್ದು ಬರೀ ಸಲಹೆ ಕೊಡುವ ಕಚೇರಿಯನ್ನಲ್ಲ. ಬೆಲೆ ಕುಸಿದಾಗ ಧಾನ್ಯ ಕೊಂಡು ದಾಸ್ತಾನು ಮಾಡುವ, ಏರಿದಾಗ ಮಾರುವ, ಉಳಿದದ್ದನ್ನು ಕೊಳ್ಳಲಾಗದ ದೇಶಗಳಿಗೆ ರಿಯಾಯಿತಿಯಲ್ಲಿ ಕೊಡುವ ಮಂಡಳಿಯನ್ನು. ಅದಕ್ಕೆ ಹಣವೂ ಬೇಕಿತ್ತು, ಅಧಿಕಾರವೂ ಬೇಕಿತ್ತು. ಅಮೆರಿಕ ಮತ್ತು ಬ್ರಿಟನ್ ಒಪ್ಪಲಿಲ್ಲ. ಆರ್ 1948ರಲ್ಲಿ ಹುದ್ದೆ ಬಿಟ್ಟರು. ಮರುವರ್ಷ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಿತು, ಮಂಡಳಿ ಬರಲಿಲ್ಲ.

ಧಾನ್ಯದ ಮೇಲಿನ ಹಿಡಿತವನ್ನು ಯಾವ ದೇಶವೂ ಹೊರಗಿನವರ ಕೈಗೆ ಕೊಡಲು ಸಿದ್ಧವಿರಲಿಲ್ಲ. ನೀವು ‘ಉದಾರ ನೆರವು’ ಎಂದು ಕರೆದ 1954ರ ಅಮೆರಿಕದ ಪಿಎಲ್-480 ಕಾನೂನನ್ನು, ಅಂದರೆ ತನ್ನ ಮಿಗುತಾಯ ಧಾನ್ಯವನ್ನು ಬೇರೆ ದೇಶಗಳಿಗೆ ಕೊಡುವ ಕಾನೂನನ್ನು, ಈ ಬೆಳಕಿನಲ್ಲಿ ನೋಡಿ. ಆ ಧಾನ್ಯ ಎಷ್ಟೋ ಜೀವ ಉಳಿಸಿತು, ನಿಜ. ಆದರೆ ಮಿಗುತಾಯ ಧಾನ್ಯವನ್ನು ಯಾರಿಗೆ, ಯಾವಾಗ, ಯಾವ ಷರತ್ತಿನ ಮೇಲೆ ಕೊಡಬೇಕು ಎಂಬ ತೀರ್ಮಾನ ಕೊಡುವವರದೇ ಆಗಿತ್ತು. ಬಾಂಗ್ಲಾದೇಶ ಕ್ಯೂಬಾಕ್ಕೆ ಸೆಣಬಿನ ಚೀಲ ಮಾರಿತೆಂದು 1974ರಲ್ಲಿ ಅಮೆರಿಕ ಆಹಾರ ನೆರವನ್ನು ತಡೆಹಿಡಿಯಿತು. ಅದು ಅಲ್ಲಿ ಕ್ಷಾಮದ ವರ್ಷ. ಅದೇ ವರ್ಷದ ನವೆಂಬರಿನಲ್ಲಿ ರೋಮ್ ಸಭೆಯಲ್ಲಿ, ಹತ್ತು ವರ್ಷದೊಳಗೆ ಯಾವ ಮಗುವೂ ಹಸಿದು ಮಲಗದಂತೆ ಮಾಡುವ ಗುರಿಯನ್ನು ಅಮೆರಿಕದ ವಿದೇಶಾಂಗ ಸಚಿವ ಹೆನ್ರಿ ಕಿಸಿಂಜರ್ ಸಾರಿದರು. ನಿಮ್ಮ ಲೇಖನದಲ್ಲಿ ಆ ಮಾತು ಮಾತ್ರ ಇದೆ, ಸೆಣಬಿನ ಚೀಲವಿಲ್ಲ. ಎರಡನ್ನೂ ಒಂದೇ ಪುಟದಲ್ಲಿಡಿ. ವ್ಯಾಖ್ಯಾನ ಬೇಡ.

ಆ ಸಭೆ ಆಹಾರ ಭದ್ರತೆಯೆಂದರೆ ಜಗತ್ತಿನಲ್ಲಿ ಸಾಕಷ್ಟು ಧಾನ್ಯವಿರುವುದು ಎಂದುಕೊಂಡಿತ್ತು. ಬಾಂಗ್ಲಾದೇಶದಲ್ಲಿ ಆ ವರ್ಷ ತಲಾ ಧಾನ್ಯದ ಲಭ್ಯತೆ ಹಿಂದುಮುಂದಿನ ವರ್ಷಗಳಿಗಿಂತ ಹೆಚ್ಚೇ ಇತ್ತು ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ತೋರಿಸಿದರು. ಪ್ರವಾಹದಿಂದ ಕೂಲಿ ನಿಂತು, ಅಕ್ಕಿಯ ಬೆಲೆ ಏರಿದಾಗ ಕೂಲಿಕಾರರು ಸತ್ತರು. ಅದಾದ ಮೇಲೆ, 1983ರಲ್ಲಿ, ಆಹಾರ ಕೈಗೆಟುಕಬೇಕು ಎಂಬ ಅಂಶ ಆಹಾರ ಮತ್ತು ಕೃಷಿ ಸಂಸ್ಥೆಯ ಆಹಾರ ಭದ್ರತೆಯ ವ್ಯಾಖ್ಯೆಯೊಳಗೆ ಬಂದಿತು. ಆರ್ 1936ರಲ್ಲಿ ಹೇಳಿದ್ದೂ ಇದನ್ನೇ ಅಲ್ಲವೇ?

ಇನ್ನೊಂದು ಕಡೆ ಎಡವಿದ್ದೀರಿ. 1996ರ ರೋಮ್ ಸಭೆಯ ಗುರಿ ಮತ್ತು 2000ದ ವಿಶ್ವಸಂಸ್ಥೆಯ ಸಹಸ್ರಮಾನದ ಗುರಿ ಒಂದೇ ಎಂದಿದ್ದೀರಿ. 1996ರಲ್ಲಿ ಕೊಟ್ಟ ಮಾತು 2015ರೊಳಗೆ ಹಸಿದವರ ಸಂಖ್ಯೆಯನ್ನು ಅರ್ಧಕ್ಕಿಳಿಸುವುದು. 2000ದಲ್ಲಿ ಅದು ಹಸಿದವರ ಪ್ರಮಾಣ ಎಂದಾಯಿತು. ನೂರು ಜನರಲ್ಲಿ ಇಪ್ಪತ್ತು ಮಂದಿ ಹಸಿದಿದ್ದಾರೆ ಎಂದುಕೊಳ್ಳಿ. ಜನಸಂಖ್ಯೆ ಇನ್ನೂರಾಗಿ ಹಸಿದವರು ಇಪ್ಪತ್ತೇ ಉಳಿದರೆ ಪ್ರಮಾಣ ಅರ್ಧವಾಯಿತು, ಆದರೆ ಒಬ್ಬನ ಹಸಿವೂ ಕಡಿಮೆಯಾದಂತಾಗಲಿಲ್ಲ. ಒಂದು ಪದ ಬದಲಾದದ್ದಕ್ಕೆ ಒಂದು ಪುಟವನ್ನೇ ಕೊಡಬಹುದು.

ಸಣ್ಣ ತಿದ್ದುಪಡಿಗಳು: ವಿಶ್ವ ಆಹಾರ ಕಾರ್ಯಕ್ರಮ ಸ್ಥಾಪನೆಯಾದದ್ದು 1961ರಲ್ಲಿ, 1974ರಲ್ಲಲ್ಲ. 1960ರಲ್ಲಿ ಹಸಿವಿನಿಂದ ಬಿಡುಗಡೆಯ ಅಭಿಯಾನ ಆರಂಭಿಸಿದ, ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಿನ ಮಹಾನಿರ್ದೇಶಕ ಬಿ. ಆರ್. ಸೇನ್ ಮತ್ತು ಅಮರ್ತ್ಯ ಸೇನ್ ಬೇರೆ ಬೇರೆ ವ್ಯಕ್ತಿಗಳು. ‘ಜನಸಂಖ್ಯೆಯೇ ಹಸಿವಿನ ಮೂಲ’ ಎಂಬ ಕೊನೆಯ ಪ್ಯಾರಾವನ್ನು ಹೊಡೆದುಹಾಕಿದ್ದೇನೆ. ನೀವೇ ಕಲೆಹಾಕಿದ ಸಂಗತಿಗಳು ಅದನ್ನು ಒಪ್ಪುವುದಿಲ್ಲ.

ಮೊದಲ ಐದು ಪುಟಗಳನ್ನು ಪಕ್ಕಕ್ಕಿಡಿ. ಆರನೇ ಪುಟದ ಆ ಒಂದು ವಾಕ್ಯದಿಂದ ಆರಂಭಿಸಿ ಮತ್ತೆ ಬರೆದು ಕಳುಹಿಸಿ. ನಿಮಗಾಗಿ ಜಾಗ ಕಾಯ್ದಿರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ